ಕವರ್‌ನೊಳಗಿನ ಚೀಟಿಯಲ್ಲಿ ಅಮ್ಮನ ಹೆಸರು

ಸಾಮಾನ್ಯವಾಗಿ ನಾನು ಇಲ್ಲಿ ದುಡ್ಡಿನ ವಿಷಯ ಮಾತಾಡ್ತೀನಿ. ಪಿಎಫ್, ಇನ್ಶೂರೆನ್ಸ್, ಕ್ರೆಡಿಟ್ ಕಾರ್ಡ್, ಇಂಥದ್ದು. ಇವತ್ತಿನದೂ ದುಡ್ಡಿನ ವಿಷಯವೇ. ಆದರೆ ಇದು ಡಾಕ್ಟರ್ ಬರೆಯೋ ಚೀಟಿಯಿಂದ ಶುರುವಾಗಿ ನಮ್ಮ ಬಿಲ್ಲಿನಲ್ಲಿ ಮುಗಿಯೋ ದುಡ್ಡು. ಮಧ್ಯದಲ್ಲಿ ಅದು ಎಲ್ಲೆಲ್ಲಿ ನಿಂತು ಹೋಗುತ್ತೆ ಅನ್ನೋದು ನಮಗೆ ಕಾಣೋದಿಲ್ಲ. ನನಗೆ ಕಂಡಿದೆ. ಯಾಕಂದ್ರೆ ಆ ಮಧ್ಯದ ಜಾಗದಲ್ಲಿ ಕೂತು ನಾನು ಎರಡು ವರ್ಷ ಸಂಬಳ ತಗೊಂಡಿದೀನಿ.

ಬಿ.ಕಾಂ ಮುಗಿಸಿದ ಮೇಲೆ ನನಗೆ ಸಿಕ್ಕ ಮೊದಲ ಕೆಲಸ ಒಂದು ಸ್ಕ್ಯಾನಿಂಗ್ ಸೆಂಟರಿನಲ್ಲಿ, ಅಕೌಂಟ್ಸ್ ಅಸಿಸ್ಟೆಂಟ್. ಮಧ್ಯ ಕರ್ನಾಟಕದ ಒಂದು ಊರು. ಊರಿನ ಹೆಸರು, ಸೆಂಟರಿನ ಹೆಸರು ಎರಡೂ ಹೇಳೋದಿಲ್ಲ. ಈ ಕಥೆಯಲ್ಲಿ ಬರೋರ ಗುರುತು ಸಿಗಬಾರದು ಅಂತ ಕೆಲವು ವಿವರಗಳನ್ನೂ ಬಿಟ್ಟಿದೀನಿ. ಎಕ್ಸ್‌ರೇ, ಅಲ್ಟ್ರಾಸೌಂಡ್, ಸಿ.ಟಿ, ಎಂಆರ್‌ಐ, ಜೊತೆಗೆ ಬ್ಲಡ್ ಟೆಸ್ಟಿನ ಲ್ಯಾಬ್. ಬೆಳಿಗ್ಗೆ ಒಂಬತ್ತಕ್ಕೆ ಹೋದರೆ ರಾತ್ರಿ ಎಂಟು. ಟ್ಯಾಲಿ ಎಂಟ್ರಿ, ಬ್ಯಾಂಕಿಗೆ ಕ್ಯಾಶ್ ಕಟ್ಟೋದು, ಜಿಎಸ್‌ಟಿ ಪೇಪರ್ ಜೋಡಿಸೋದು. ಮಾಮೂಲಿ ಕೆಲಸ.

ಮಾಮೂಲಿ ಅಲ್ಲದ ಕೆಲಸ ತಿಂಗಳಿಗೆ ಎರಡು ಸಲ ಬರ್ತಿತ್ತು. ಒಂದನೇ ತಾರೀಖಿನ ಹೊತ್ತಿಗೊಮ್ಮೆ, ಹದಿನೈದರ ಹೊತ್ತಿಗೊಮ್ಮೆ. ಅವತ್ತು ಮ್ಯಾನೇಜರ್ ಒಂದು ಎಕ್ಸೆಲ್ ಶೀಟ್ ಕೊಡೋರು. ತಾರೀಖು, ಪೇಷೆಂಟ್ ಹೆಸರು, ಯಾವ ಟೆಸ್ಟು, ಬಿಲ್ ಎಷ್ಟು, ಡಿಸ್ಕೌಂಟ್ ಎಷ್ಟು, ಕೊನೇ ಕಾಲಮ್ಮು 'ರೆಫ್'. ಒಬ್ಬೊಬ್ಬ ಡಾಕ್ಟರಿಗೆ ಒಂದೊಂದು ಪುಟ. ಪ್ರಿಂಟ್ ತೆಗೀಬೇಕು, ಕತ್ತರಿಸಬೇಕು, ಕೊನೇ ಕಾಲಮ್ಮಿನ ಟೋಟಲ್ ಎಷ್ಟಿದೆಯೋ ಅಷ್ಟು ಕ್ಯಾಶ್ ಎಣಿಸಿ ಕವರ್‌ಗೆ ಹಾಕಬೇಕು, ಚೀಟಿ ಮಡಚಿ ಒಳಗಿಡಬೇಕು. ಕವರ್ ಮೇಲೆ ಸೆಂಟರಿನ ಹೆಸರಿಲ್ಲ, ಡಾಕ್ಟರ್ ಹೆಸರಿಲ್ಲ, ಪೆನ್ಸಿಲ್ಲಿನಲ್ಲಿ ಒಂದು ನಂಬರ್ ಅಷ್ಟೇ. ಅದನ್ನ ಪಿಆರ್‌ಒ ಬೈಕಿನಲ್ಲಿ ತಗೊಂಡು ಹೋಗಿ ಕ್ಲಿನಿಕ್ ಕ್ಲಿನಿಕ್ಕಿಗೆ ಕೊಟ್ಟು ಬರ್ತಿದ್ದರು. ಟ್ಯಾಲಿಯಲ್ಲಿ ನಾನು ಹಾಕ್ತಿದ್ದ ಎಂಟ್ರಿ 'ಮಾರ್ಕೆಟಿಂಗ್ ಎಕ್ಸ್‌ಪೆನ್ಸಸ್'.

ಮೊದಲ ಸಲ ನಾನು ಕೇಳಿದ್ದೆ, "ಸರ್, ಇದಕ್ಕೆ ವೋಚರ್?" ಅಂತ. ಮ್ಯಾನೇಜರ್ ನಕ್ಕರು. "ಹೊಸಬ ಅಲ್ವಾ" ಅಂದ್ರು. ಅಲ್ಲಿಗೆ ಮುಗೀತು. ನಾನೂ ಮತ್ತೆ ಕೇಳಲಿಲ್ಲ. ಹನ್ನೆರಡು ಸಾವಿರ ಸಂಬಳ, ಮನೆಗೆ ಹತ್ತಿರ, ನನಗೆ ಅಷ್ಟು ಸಾಕಿತ್ತು.

ಹೀಗೆ ಒಂದು ವರ್ಷ ಕಳೀತು. ಅದೇ ಹೊತ್ತಿಗೆ ಅಮ್ಮನಿಗೆ ಸೊಂಟ ನೋವು ಶುರುವಾಯ್ತು. ಕಾಲಿಗೆ ಜೋಮು ಹಿಡಿಯೋದು, ರಾತ್ರಿ ಎದ್ದು ಕೂರೋದು. ನಾವು ಚಿಕ್ಕವರಿದ್ದಾಗಿನಿಂದ ಹೋಗ್ತಿದ್ದ ಡಾಕ್ಟ್ರ ಹತ್ತಿರವೇ ಕರ್ಕೊಂಡು ಹೋದ್ವಿ. ನನ್ನ ಟೈಫಾಯ್ಡ್ ವಾಸಿ ಮಾಡಿದವರು, ಅಪ್ಪನ ಕೊನೇ ದಿನಗಳಲ್ಲಿ ಮನೆಗೇ ಬಂದು ನೋಡಿ, ಫೀಸ್ ತಗೊಳ್ಳದೇ ಹೋದವರು. ಅವರು ಅಮ್ಮನ ಕಾಲು ಎತ್ತಿ, ಬಗ್ಗಿಸಿ, ಎಲ್ಲ ನೋಡಿ ಹೇಳಿದರು: "ಎಂಆರ್‌ಐ ಮಾಡಿಸಿಬಿಡಮ್ಮ, ನರ ಒತ್ತಿಕೊಂಡಿರೋ ಹಾಗಿದೆ." ಚೀಟಿ ಬರೆದರು. ನಮ್ಮ ಸೆಂಟರಿಗೇ. ನನಗೆ ಖುಷಿ ಆಯ್ತು. ಸ್ಟಾಫ್ ಡಿಸ್ಕೌಂಟ್ ಸಿಗುತ್ತೆ ಅಂತ.

ಆರು ಸಾವಿರದ ಸ್ಕ್ಯಾನು. ನನ್ನ ಡಿಸ್ಕೌಂಟು ಆರುನೂರು. ಐದು ಸಾವಿರದ ನಾನೂರು ಕಟ್ಟಿದೆ. ಸಂಜೆ ಅಮ್ಮ ಪಕ್ಕದ ಮನೆಯವರ ಹತ್ರ, "ಮಗ ಅಲ್ಲೇ ಇರೋದಕ್ಕೆ ಎಷ್ಟು ಉಳೀತು ನೋಡಿ" ಅಂತಿದ್ದಳು.

ಹದಿನೈದನೇ ತಾರೀಖು ಬಂತು. ಶೀಟ್ ಬಂತು. ಕತ್ತರಿಸ್ತಾ ಕತ್ತರಿಸ್ತಾ ಆ ಡಾಕ್ಟ್ರ ಪುಟ ಬಂತು. ನಾಲ್ಕನೇ ಸಾಲಿನಲ್ಲಿ ಅಮ್ಮನ ಹೆಸರು. ಎಂಆರ್‌ಐ ಲಂಬಾರ್ ಸ್ಪೈನ್. ಬಿಲ್ 6,000. ಡಿಸ್ಕೌಂಟ್ 600. ರೆಫ್ 2,100.

ನಾನು ಎಣಿಸಿದೆ. ಕವರಿಗೆ ಹಾಕಿದೆ. ಚೀಟಿ ಮಡಚಿದೆ. ಏನೂ ಮಾತಾಡಲಿಲ್ಲ.

ಇವತ್ತಿನ ಸಂಚಿಕೆ ಆ 2,100 ರೂಪಾಯಿಯ ಬಗ್ಗೆ.

ಮೊದಲು ಒಂದು ವಿಷಯ ಸ್ಪಷ್ಟ ಮಾಡ್ತೀನಿ. ಇದು "ಡಾಕ್ಟರುಗಳೆಲ್ಲ ಕಳ್ಳರು" ಅನ್ನೋ ಎಪಿಸೋಡ್ ಅಲ್ಲ. ಅಂಥದ್ದು ಯೂಟ್ಯೂಬ್‌ನಲ್ಲಿ ಬೇಕಾದಷ್ಟಿವೆ. ನಮ್ಮ ಶೀಟಿನಲ್ಲಿ 'ರೆಫ್' ಕಾಲಮ್ಮಿನಲ್ಲಿ ಸೊನ್ನೆ ಇದ್ದ ಡಾಕ್ಟರುಗಳೂ ಇದ್ದರು. ಕೆಲವರು ಚೀಟಿಯಲ್ಲೇ ಬರೆದು ಕಳಿಸ್ತಿದ್ದರು, "ನನಗೆ ಬೇಡ, ಪೇಷೆಂಟಿಗೆ ಡಿಸ್ಕೌಂಟ್ ಕೊಡಿ" ಅಂತ. ಅವರ ಪೇಷೆಂಟುಗಳು ಕಡಿಮೆ ದುಡ್ಡು ಕಟ್ಟಿ ಹೋಗ್ತಿದ್ದರು. ಯಾಕೆ ಕಡಿಮೆ ಆಯ್ತು ಅಂತ ಅವರಿಗೂ ಗೊತ್ತಿರ್ತಿರಲಿಲ್ಲ.

ಈಗ ಕಾನೂನು ಏನು ಹೇಳುತ್ತೆ ನೋಡೋಣ. ಬೋರ್ ಹೊಡೆಸೋದಿಲ್ಲ.

ಡಾಕ್ಟರುಗಳ ವೃತ್ತಿ ನಡವಳಿಕೆಗೆ ಒಂದು ನಿಯಮಾವಳಿ ಇದೆ, 2002ರದ್ದು, ಆಗಿನ ಭಾರತೀಯ ವೈದ್ಯಕೀಯ ಪರಿಷತ್ತು ಮಾಡಿದ್ದು. ಅದರಲ್ಲಿ ನೇರವಾಗಿ ಹೇಳಿದೆ: ಪೇಷೆಂಟನ್ನು ಎಲ್ಲಿಗಾದರೂ ಕಳಿಸಿದ್ದಕ್ಕೆ ಪ್ರತಿಯಾಗಿ ಡಾಕ್ಟರು ಉಡುಗೊರೆ, ಕಮಿಷನ್, ಬೋನಸ್ ಏನನ್ನೂ ಕೊಡೋ ಹಾಗಿಲ್ಲ, ಕೇಳೋ ಹಾಗಿಲ್ಲ, ತಗೊಳ್ಳೋ ಹಾಗಿಲ್ಲ. ಟೆಸ್ಟಿಗೆ ಸ್ಯಾಂಪಲ್ ಕಳಿಸೋದಕ್ಕೂ ಇದೇ ನಿಯಮ. 2009ರ ಡಿಸೆಂಬರಿನಲ್ಲಿ ಇದಕ್ಕೆ ಇನ್ನೊಂದು ಭಾಗ ಸೇರಿಸಿದರು. ಔಷಧ ಕಂಪನಿಗಳಿಂದ ಗಿಫ್ಟು, ಟೂರು, ಹೋಟೆಲ್ಲು, ಕ್ಯಾಶು, ಯಾವುದನ್ನೂ ಮುಟ್ಟಬಾರದು ಅಂತ. 2023ರ ಆಗಸ್ಟಿನಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಹೊಸ ನಿಯಮಾವಳಿ ಹೊರಡಿಸಿತು. ಜನರಿಕ್ ಹೆಸರಲ್ಲೇ ಮಾತ್ರೆ ಬರೀಬೇಕು ಅನ್ನೋದರ ಮೇಲೆ ದೊಡ್ಡ ಗಲಾಟೆ ಆಗಿದ್ದು ನಿಮಗೆ ನೆನಪಿರಬಹುದು. ಅದೇ ತಿಂಗಳಲ್ಲಿ ಅದನ್ನ ತಡೆಹಿಡಿದು, ಹಳೇ 2002ರ ನಿಯಮಗಳೇ ಮುಂದುವರಿಯಲಿ ಅಂದರು.

ಅಂದ್ರೆ ನಾನು ತುಂಬಿಸ್ತಿದ್ದ ಪ್ರತಿ ಕವರೂ ನಿಯಮಕ್ಕೆ ವಿರುದ್ಧ. ಹಾಗಾದ್ರೆ ಹೇಗೆ ನಡೀತಿತ್ತು? ಇಲ್ಲೊಂದು ಸಂದಿ ಇದೆ. ವೈದ್ಯಕೀಯ ಪರಿಷತ್ತಿನ ನಿಯಮ ಕಟ್ಟಿಹಾಕೋದು ಡಾಕ್ಟರನ್ನ. ದುಡ್ಡು ಕೊಡೋ ಸ್ಕ್ಯಾನಿಂಗ್ ಸೆಂಟರ್ ಒಂದು ಕಂಪನಿ. ಕಂಪನಿಗೆ ಮೆಡಿಕಲ್ ರಿಜಿಸ್ಟ್ರೇಷನ್ ಇರೋದಿಲ್ಲ, ರದ್ದು ಮಾಡೋದಕ್ಕೆ.

ಆ ಕಂಪನಿಯನ್ನ ಹಿಡಿದದ್ದು ಯಾರು ಗೊತ್ತಾ? ಇನ್‌ಕಮ್ ಟ್ಯಾಕ್ಸ್‌ನವರು. ಇಲ್ಲಿ ನಮ್ಮ ಬಿ.ಕಾಂ ಸಿಲೆಬಸ್ ಬರುತ್ತೆ. 1961ರ ಆದಾಯ ತೆರಿಗೆ ಕಾಯ್ದೆಯ ಸೆಕ್ಷನ್ 37 ಪ್ರಕಾರ, ವ್ಯಾಪಾರಕ್ಕೆ ಮಾಡಿದ ಖರ್ಚನ್ನ ಆದಾಯದಲ್ಲಿ ಕಳೀಬಹುದಿತ್ತು. ಆದರೆ ಕಾನೂನು ನಿಷೇಧಿಸಿರೋದಕ್ಕೆ ಮಾಡಿದ ಖರ್ಚನ್ನ ಕಳೆಯೋ ಹಾಗಿರಲಿಲ್ಲ. 2010ರಲ್ಲಿ ಪಂಜಾಬ್ ಮತ್ತು ಹರಿಯಾಣ ಹೈಕೋರ್ಟಿನ ಮುಂದೆ ಒಂದು ಸ್ಕ್ಯಾನಿಂಗ್ ಸೆಂಟರಿನ ಕೇಸ್ ಬಂತು. ಪೇಷೆಂಟ್ ಕಳಿಸಿದ ಡಾಕ್ಟರುಗಳಿಗೆ ಕೊಟ್ಟ ಕಮಿಷನ್ನನ್ನ ವ್ಯಾಪಾರದ ಖರ್ಚು ಅಂತ ಒಪ್ಪಬೇಕಾ ಅನ್ನೋದು ಪ್ರಶ್ನೆ. ಕೋರ್ಟು ಒಪ್ಪಲಿಲ್ಲ.

ಆಮೇಲೆ 2017ರ ಕೊನೆಗೆ ಬೆಂಗಳೂರು. ಆದಾಯ ತೆರಿಗೆ ಇಲಾಖೆ ಎರಡು ಐವಿಎಫ್ ಕೇಂದ್ರ, ಐದು ಡಯಾಗ್ನೋಸ್ಟಿಕ್ ಸೆಂಟರುಗಳ ಮೇಲೆ ದಾಳಿ ಮಾಡಿ, ನೂರು ಕೋಟಿಗೂ ಮೀರಿದ ಲೆಕ್ಕವಿಲ್ಲದ ಆದಾಯ ಸಿಕ್ಕಿತು ಅಂತ ಹೇಳಿಕೆ ಕೊಟ್ಟಿತು. ಆ ಹೇಳಿಕೆಯಲ್ಲಿ ರೇಟೂ ಇತ್ತು. ಎಂಆರ್‌ಐಗೆ 35 ಪರ್ಸೆಂಟ್, ಸಿ.ಟಿ ಸ್ಕ್ಯಾನಿಗೆ, ಲ್ಯಾಬ್ ಟೆಸ್ಟಿಗೆ 20 ಪರ್ಸೆಂಟ್. ಪುಸ್ತಕದಲ್ಲಿ ಅದನ್ನ ಮಾರ್ಕೆಟಿಂಗ್ ಖರ್ಚು ಅಂತ ತೋರಿಸಿದ್ದರು. ಕೆಲವು ಕಡೆ ಡಾಕ್ಟರನ್ನ ತಮ್ಮಲ್ಲೇ ಕೆಲಸ ಮಾಡೋ ಕನ್ಸಲ್ಟೆಂಟ್ ಅಂತ ತೋರಿಸಿ ಚೆಕ್ಕಿನಲ್ಲೇ ಕೊಟ್ಟಿದ್ದರು.

ನಾನು ಕೆಲಸಕ್ಕೆ ಸೇರಿದ್ದು ಆ ದಾಳಿ ಆಗಿ ಒಂದೂವರೆ ವರ್ಷದ ಮೇಲೆ. ಆರು ಸಾವಿರಕ್ಕೆ 35 ಪರ್ಸೆಂಟ್ ಎಷ್ಟು? 2,100. ಬೆಂಗಳೂರಿನಿಂದ ಅಷ್ಟು ದೂರದ ಊರಿನಲ್ಲಿ, ಅಷ್ಟು ದೊಡ್ಡ ಸುದ್ದಿ ಆದ ಮೇಲೂ, ರೇಟು ಒಂದು ಪರ್ಸೆಂಟೂ ಬದಲಾಗಿರಲಿಲ್ಲ. ಕವರ್ ಮೇಲಿದ್ದ ಹೆಸರು ಹೋಗಿ ಪೆನ್ಸಿಲ್ ನಂಬರ್ ಬಂದಿತ್ತು ಅಂತ ಹಳಬರು ಹೇಳ್ತಿದ್ದರು. ಅಷ್ಟೇ.

ಔಷಧ ಕಂಪನಿಗಳ ಕಡೆ ಇನ್ನೂ ದೊಡ್ಡ ತೀರ್ಪು ಬಂದದ್ದು 2022ರ ಫೆಬ್ರವರಿ 22ರಂದು, ಸುಪ್ರೀಂ ಕೋರ್ಟಿನಿಂದ, ಅಪೆಕ್ಸ್ ಲ್ಯಾಬೊರೇಟರೀಸ್ ಕೇಸಿನಲ್ಲಿ. ಕಂಪನಿಯ ವಾದ ಏನು ಅಂದ್ರೆ, ಉಡುಗೊರೆ ತಗೋಬಾರದು ಅನ್ನೋ ನಿಯಮ ಡಾಕ್ಟರಿಗೆ, ನಮಗಲ್ಲ. ನಾವು ಕೊಟ್ಟದ್ದು ನಮ್ಮ ವ್ಯಾಪಾರದ ಖರ್ಚು, ತೆರಿಗೆಯಲ್ಲಿ ಕಳೀರಿ. ಕೋರ್ಟು ಹೇಳಿದ್ದು: ತಗೊಳ್ಳೋದು ನಿಷಿದ್ಧ ಅಂದ ಮೇಲೆ ಕೊಡೋದು ಮಾತ್ರ ಹೇಗೆ ಸರಿ ಆಗುತ್ತೆ? ಜೊತೆಗೆ ಇನ್ನೊಂದು ಮಾತನ್ನೂ ಕೋರ್ಟು ಗಮನಿಸಿತು. ಈ ಉಡುಗೊರೆಗಳು ನಿಜವಾಗಿ ಪುಕ್ಕಟೆ ಅಲ್ಲ, ಅದರ ಖರ್ಚು ಔಷಧದ ಬೆಲೆಯಲ್ಲಿ ಸೇರಿರುತ್ತೆ, ಕೊನೆಗೆ ಕೊಡೋದು ರೋಗಿ. ಅದೇ ವರ್ಷ ಜುಲೈ 1ರಿಂದ ಸೆಕ್ಷನ್ 194ಆರ್ ಬಂತು. ವ್ಯವಹಾರದ ಸಂಬಂಧದಲ್ಲಿ ಒಬ್ಬರಿಗೆ ವರ್ಷಕ್ಕೆ 20,000 ರೂಪಾಯಿ ಮೀರಿದ ಸವಲತ್ತು ಕೊಟ್ಟರೆ 10 ಪರ್ಸೆಂಟ್ ಟಿಡಿಎಸ್. ಡಾಕ್ಟರುಗಳಿಗೆ ಕೊಡೋ ಫ್ರೀ ಸ್ಯಾಂಪಲ್ಲನ್ನೂ ತೆರಿಗೆ ಮಂಡಳಿ ಇದಕ್ಕೆ ಉದಾಹರಣೆಯಾಗಿ ಕೊಟ್ಟಿತ್ತು. 2024ರ ಮಾರ್ಚಿನಲ್ಲಿ ಔಷಧ ಕಂಪನಿಗಳಿಗೇ ಅಂತ ಹೊಸ ಮಾರ್ಕೆಟಿಂಗ್ ಸಂಹಿತೆಯೂ ಬಂತು.

ಇಷ್ಟೆಲ್ಲ ಇದೆ. ಆದರೆ ಗಮನಿಸಿ. ಇವೆಲ್ಲ ಪುಸ್ತಕದಲ್ಲಿ ಬರೆದ ದುಡ್ಡನ್ನ ಹಿಡಿಯೋ ಬಲೆಗಳು. ಕವರ್‌ನಲ್ಲಿ ಹೋಗೋ ಕ್ಯಾಶಿಗೆ ಈ ಬಲೆಯ ಕಣ್ಣು ದೊಡ್ಡದು. ಜೊತೆಗೆ ಟ್ಯಾಕ್ಸ್ ಇಲಾಖೆ ಹಿಡಿದರೂ ಅದು ಕೇಳೋದು ಸರ್ಕಾರದ ಪಾಲು. ನಮ್ಮಮ್ಮನ 2,100 ವಾಪಸ್ ಬರೋದಿಲ್ಲ.

ಈಗ ಆ ಡಾಕ್ಟ್ರ ವಿಷಯಕ್ಕೆ ಬರ್ತೀನಿ.

ಕೆಲಸ ಬಿಟ್ಟ ಮೇಲೆ ಒಂದಿನ ಅವರ ಕ್ಲಿನಿಕ್ಕಿಗೆ ಹೋದೆ. ರಾತ್ರಿ ಒಂಬತ್ತಾಗಿತ್ತು, ಕೊನೇ ಪೇಷೆಂಟ್ ಹೋಗಿದ್ದರು. "ಏನಪ್ಪಾ, ಅಮ್ಮ ಹೇಗಿದಾರೆ?" ಅಂದ್ರು. ನಾನು ಸುತ್ತಿ ಬಳಸಿ ಮಾತಾಡೋಕೆ ಹೋಗಿ ಆಗಲಿಲ್ಲ. "ಡಾಕ್ಟ್ರೇ, ಕವರ್ ತುಂಬಿಸ್ತಿದ್ದದ್ದು ನಾನೇ" ಅಂದುಬಿಟ್ಟೆ.

ಬೈತಾರೆ ಅಂದ್ಕೊಂಡಿದ್ದೆ. ಬೈಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಕೇಳಿದರು, "ನನ್ನ ಫೀಸ್ ಎಷ್ಟು ಗೊತ್ತೇನಪ್ಪಾ?"

"ಐವತ್ತು."

"ಎಷ್ಟು ವರ್ಷದಿಂದ?"

ನನಗೆ ಹೈಸ್ಕೂಲಿನಿಂದಲೂ ಐವತ್ತೇ ನೆನಪು.

ಅವರು ಹೇಳಿದ್ದನ್ನ ನನಗೆ ನೆನಪಿರೋ ಹಾಗೆ ಹೇಳ್ತೀನಿ. "ಅಂಗಡಿ ಬಾಡಿಗೆ ಮೂರು ಪಟ್ಟಾಗಿದೆ. ಕಾಂಪೌಂಡರು, ಒಬ್ಬಳು ನರ್ಸು, ಕರೆಂಟು. ಒಂದ್ಸಲ ನೂರು ಮಾಡಿದೆ. ಒಂದೇ ತಿಂಗಳಿಗೆ ಊರೆಲ್ಲ ಡಾಕ್ಟ್ರಿಗೆ ದುಡ್ಡಿನ ಆಸೆ ಬಂತು ಅಂದ್ರು. ಮತ್ತೆ ಐವತ್ತಕ್ಕೆ ಇಳಿಸಿದೆ. ಕವರ್ ಬರೋದರಿಂದ ಐವತ್ತು ನಿಂತಿದೆ ಅಂದ್ಕೋ. ನಾನು ಬೇಡ ಅಂದ್ರೆ ನಿನ್ನ ಓನರ್ ಸ್ಕ್ಯಾನ್ ರೇಟ್ ಇಳಿಸ್ತಾನಾ? ಅವನ ಜೇಬಿಗೆ ಹೋಗುತ್ತೆ, ಅಷ್ಟೇ."

ನಾನು ಕೇಳಿದೆ, "ಪೇಷೆಂಟಿಗೆ ಡಿಸ್ಕೌಂಟ್ ಕೊಡಿ ಅಂತ ಚೀಟಿಯಲ್ಲಿ ಬರೀಬಹುದಿತ್ತಲ್ವಾ, ಕೆಲವರು ಬರೀತಾರೆ."

ಅದಕ್ಕೆ ಅವರ ಹತ್ತಿರ ಉತ್ತರ ಇರಲಿಲ್ಲ. "ನಿಮ್ಮಮ್ಮಂಗೆ ಸ್ಕ್ಯಾನ್ ಬೇಕಿತ್ತಪ್ಪಾ, ಅದರಲ್ಲಿ ಮೋಸ ಇಲ್ಲ" ಅಂದ್ರು. ಕನ್ನಡಕ ತೆಗೆದು ಒರೆಸಿಕೊಂಡ್ರು. ನಾನು ಎದ್ದು ಬಂದೆ.

ಮನೆಗೆ ಹೋಗ್ತಾ ಬೈಕಿನಲ್ಲಿ ಯೋಚನೆ ಮಾಡಿದೆ. ಅವರು ಹೇಳಿದ್ದರಲ್ಲಿ ಅರ್ಧ ನಿಜ ಇದೆ. ಅಕೌಂಟ್ಸ್ ಭಾಷೆಯಲ್ಲಿ ಇದನ್ನ ಕ್ರಾಸ್ ಸಬ್ಸಿಡಿ ಅಂತೀವಿ. ಜ್ವರ, ಕೆಮ್ಮು ಅಂತ ಬಂದವನು ಐವತ್ತು ರೂಪಾಯಿ ಕೊಟ್ಟು ಹತ್ತು ನಿಮಿಷ ತಗೊಂಡು ಹೋಗ್ತಾನೆ. ಆ ಹತ್ತು ನಿಮಿಷದ ನಿಜವಾದ ಬೆಲೆ ಐವತ್ತಲ್ಲ. ಉಳಿದಿದ್ದನ್ನ ಕಟ್ಟೋದು ಯಾರು? ಸೊಂಟ ನೋವಿನ ನಮ್ಮಮ್ಮ, ಎಂಆರ್‌ಐ ಬಿಲ್ಲಿನಲ್ಲಿ, ತನಗೆ ಗೊತ್ತಿಲ್ಲದೆ. ಡಾಕ್ಟರ ಬುದ್ಧಿಗೆ, ಸಮಯಕ್ಕೆ ನಾವು ದುಡ್ಡು ಕೊಡೋಕೆ ಹಿಂದೆ ಮುಂದೆ ನೋಡ್ತೀವಿ. "ಬರೀ ನೋಡಿದ್ದಕ್ಕೆ ಇನ್ನೂರಾ?" ಅಂತೀವಿ. ಇಂಜೆಕ್ಷನ್ ಚುಚ್ಚಿದರೆ, ಸ್ಕ್ಯಾನ್ ಮಾಡಿಸಿದರೆ ಮಾತ್ರ ಕೊಟ್ಟ ದುಡ್ಡಿಗೆ ಏನೋ ಸಿಕ್ತು ಅನ್ಸುತ್ತೆ.

ಆದರೆ ಉಳಿದ ಅರ್ಧ ಸುಳ್ಳು. ಫೀಸು ಎಲ್ಲರಿಗೂ ಕಾಣುತ್ತೆ. ಬೇಡ ಅನ್ನಿಸಿದರೆ ಬೇರೆ ಡಾಕ್ಟರ ಹತ್ರ ಹೋಗಬಹುದು. ಕವರ್ ಕಾಣಲ್ಲ. ಅದರ ಸೈಜು ನೋಡಿದ ಪೇಷೆಂಟುಗಳ ಲೆಕ್ಕದ ಮೇಲೆ ನಿಂತಿಲ್ಲ, ಬರೆದ ಸ್ಕ್ಯಾನುಗಳ ಲೆಕ್ಕದ ಮೇಲೆ ನಿಂತಿದೆ. ಸ್ಕ್ಯಾನ್ ಬೇಡ, ಎರಡು ವಾರ ರೆಸ್ಟ್ ತಗೋ ಅಂತ ಹೇಳಿದ ಡಾಕ್ಟರಿಗೆ ಕವರ್ ಇಲ್ಲ. ಅಂದ್ರೆ ಒಳ್ಳೇ ವೈದ್ಯ ಮಾಡಬೇಕಾದ ಅತಿ ಮುಖ್ಯ ಕೆಲಸ, ಬೇಡದ್ದನ್ನ ಬೇಡ ಅನ್ನೋದು, ಅದಕ್ಕೆ ಈ ವ್ಯವಸ್ಥೆಯಲ್ಲಿ ಸೊನ್ನೆ ರೂಪಾಯಿ.

ಇನ್ನೊಂದು ಕಡೆಯಿಂದಲೂ ಕೇಳೋಣ ಅಂತ ನನ್ನ ಹೈಸ್ಕೂಲ್ ಕ್ಲಾಸ್‌ಮೇಟ್ ಒಬ್ಬಳಿಗೆ ಫೋನ್ ಮಾಡಿದೆ. ಎಂಬಿಬಿಎಸ್ ಮುಗಿಸಿ ಹೋದ ವರ್ಷ ತಾಲೂಕು ಊರೊಂದರಲ್ಲಿ ಕ್ಲಿನಿಕ್ ತೆರೆದಿದಾಳೆ. ಅವಳು ಓದಿದ್ದು ಪ್ರೈವೇಟ್ ಕಾಲೇಜಿನಲ್ಲಿ. ನಾಲ್ಕೂವರೆ ವರ್ಷ ಓದು, ಒಂದು ವರ್ಷ ಇಂಟರ್ನ್‌ಶಿಪ್, ಮನೆ ಮೇಲೆ ಸಾಲ.

"ಕ್ಲಿನಿಕ್ ಪೂಜೆ ದಿನ ಮೊದಲು ಬಂದೋರು ಯಾರು ಹೇಳು?" ಅಂದ್ಲು. "ಪೇಷೆಂಟಾ?" ಅಂದೆ. "ಲೋ, ಪಿಆರ್‌ಒ ಕಣೋ. ಸ್ವೀಟ್ ಬಾಕ್ಸು, ಅದರ ಮೇಲೊಂದು ರೇಟ್ ಕಾರ್ಡು. ನಮ್ಮ ನೆಂಟರಿಗಿಂತ ಮುಂಚೆ ಬಂದಿದ್ದ."

ಅವಳು ಬೇಡ ಅಂದಳಂತೆ. ಆಮೇಲೆ ಏನಾಯ್ತು? ಇವಳು ಕಳಿಸಿದ ಪೇಷೆಂಟುಗಳ ರಿಪೋರ್ಟ್ ತಡ ಆಗೋಕೆ ಶುರುವಾಯ್ತು. ಒಂದ್ಸಲ ಒಬ್ಬ ಪೇಷೆಂಟಿಗೆ ಆ ಸೆಂಟರಿನವರೇ, "ಆ ಮೇಡಮ್ ಹೊಸಬರು, ಇನ್ನೊಬ್ಬರಿಗೆ ತೋರಿಸಿ" ಅಂದ್ರಂತೆ. ಡಾಕ್ಟರುಗಳು ಜಾಹೀರಾತು ಕೊಡೋ ಹಾಗಿಲ್ಲ, ಅದೂ ಅದೇ 2002ರ ನಿಯಮಗಳಲ್ಲಿದೆ. ನಾನು ಕಮಿಷನ್ ತಗೊಳ್ಳಲ್ಲ ಅಂತ ಬೋರ್ಡ್ ಹಾಕಿದರೆ ಜೊತೆಯವರಿಗೆ ಸಿಟ್ಟು. 2017ರಲ್ಲಿ ಮುಂಬೈನ ಒಂದು ಹೃದ್ರೋಗ ಆಸ್ಪತ್ರೆ, ನಾವು ಡಾಕ್ಟರುಗಳಿಗೆ ಕಮಿಷನ್ ಕೊಡೋದಿಲ್ಲ ಅಂತ ಹೋರ್ಡಿಂಗ್ ಹಾಕಿದಾಗ ವೈದ್ಯರ ಸಂಘವೇ ಅದಕ್ಕೆ ಆಕ್ಷೇಪ ಎತ್ತಿತ್ತು. ಉಳಿದವರೆಲ್ಲ ತಗೊಳ್ತಾರೆ ಅಂದ ಹಾಗಾಗುತ್ತಲ್ಲ ಅಂತ.

ಅವಳನ್ನ ಹೆಚ್ಚು ನೋಯಿಸಿದ್ದು ಇದು ಯಾವುದೂ ಅಲ್ಲ. ಒಬ್ಬ ಹುಡುಗನಿಗೆ ಹೊಟ್ಟೆ ನೋವು, ಅಪೆಂಡಿಕ್ಸ್ ಇರಬಹುದು ಅನ್ನಿಸಿ, ಈಗಲೇ ಸ್ಕ್ಯಾನ್ ಮಾಡಿಸಿ ಅಂದಳು. ಅವರಪ್ಪ ಮುಖ ನೋಡಿ, "ನಿಮಗೆಷ್ಟು ಮೇಡಮ್ ಇದ್ರಲ್ಲಿ?" ಅಂದ್ನಂತೆ. "ಒಂದು ರೂಪಾಯಿ ಇಲ್ಲ ಕಣೋ. ಆದ್ರೆ ಅವನಿಗೆ ಹೇಗೆ ಪ್ರೂವ್ ಮಾಡ್ಲಿ? ಅವರು ಸ್ಕ್ಯಾನ್ ಮಾಡಿಸ್ದೆ ಹೋದ್ರು. ಮಾರನೇ ದಿನ ಆ ಹುಡುಗನ್ನ ಸೀದಾ ಆಪರೇಷನ್ನಿಗೇ ಕರ್ಕೊಂಡು ಹೋಗ್ಬೇಕಾಯ್ತು." ಹುಡುಗ ಹುಷಾರಾಗಿದಾನೆ. ಆದರೆ ಒಂದು ದಿನ ತಡ ಆಯ್ತು.

ನಾನು ಈ ಎಪಿಸೋಡ್ ಮಾಡೋಕೆ ಕಾರಣ ಆ ಒಂದು ದಿನ. ಕವರ್‌ನಿಂದ ಆಗೋ ನಷ್ಟ 2,100 ರೂಪಾಯಿ ಅಂತ ನಾನು ಬಹಳ ದಿನ ಅಂದ್ಕೊಂಡಿದ್ದೆ. ಅದಲ್ಲ. ತಗೊಂಡ ಡಾಕ್ಟರಿಗೆ 2,100 ಸಿಗುತ್ತೆ, ತಗೊಳ್ಳದ ಡಾಕ್ಟರ ನಿಜವಾದ ಮಾತಿಗೂ ಬೆಲೆ ಹೋಗುತ್ತೆ. ನಿಜ ಹೇಳೋರು, ಸುಳ್ಳು ಹೇಳೋರು ಇಬ್ಬರೂ ನಮಗೆ ಒಂದೇ ಥರ ಕಾಣ್ತಾರೆ.

ಸರಿ, ನಾವೇನು ಮಾಡಬಹುದು? ಭಾಷಣ ಬೇಡ, ಕೆಲಸಕ್ಕೆ ಬರೋದು ಹೇಳ್ತೀನಿ.

ಒಂದು. ಟೆಸ್ಟ್ ಬರೆದಾಗ ಡಾಕ್ಟರನ್ನ ಎರಡು ಪ್ರಶ್ನೆ ಕೇಳಿ. "ಇದರಲ್ಲಿ ಏನು ಬಂದ್ರೆ ಟ್ರೀಟ್‌ಮೆಂಟ್ ಬದಲಾಗುತ್ತೆ ಡಾಕ್ಟ್ರೇ?" ಮತ್ತೆ, "ಇದು ಈಗಲೇ ಬೇಕಾ, ಸ್ವಲ್ಪ ದಿನ ನೋಡಬಹುದಾ?" ಸಿಟ್ಟಿನಿಂದ ಅಲ್ಲ, ತಿಳ್ಕೊಳ್ಳೋಕೆ. ನಿಜವಾಗಿ ಬೇಕಾದ ಟೆಸ್ಟಿಗೆ ಯಾವ ಡಾಕ್ಟರೂ ಅರ್ಧ ನಿಮಿಷದಲ್ಲಿ ಉತ್ತರ ಕೊಡ್ತಾರೆ. ಈಗಲೇ ಬೇಕು ಅಂದ್ರೆ ತಡ ಮಾಡಬೇಡಿ. ಆ ಅಪ್ಪ ಮಾಡಿದ ತಪ್ಪು ಮಾಡಬೇಡಿ. ದುಡ್ಡಿನ ಅನುಮಾನ ಇದ್ದರೆ ಬೇರೆ ಸೆಂಟರಿಗೆ ಹೋಗಿ, ಬೇರೆ ಡಾಕ್ಟರಿಗೆ ತೋರಿಸಿ. ಸುಮ್ಮನೆ ಮನೆಗೆ ಮಾತ್ರ ಹೋಗಬೇಡಿ.

ಎರಡು. ಟೆಸ್ಟಿನ ಹೆಸರು ಇರೋ ಚೀಟಿ ಸಾಕು. ಸೆಂಟರಿನ ಹೆಸರು ಅದರಲ್ಲಿ ಇರಲೇಬೇಕು ಅಂತಿಲ್ಲ. "ಎಲ್ಲಿ ಬೇಕಾದರೂ ಮಾಡಿಸಬಹುದಾ?" ಅಂತ ಕೇಳಿ. ಕೆಲವು ಸಲ ಡಾಕ್ಟರು ಒಂದು ಜಾಗ ಹೇಳೋದಕ್ಕೆ ನಿಜವಾದ ಕಾರಣ ಇರುತ್ತೆ. ಮಷಿನ್ ಚೆನ್ನಾಗಿರಬಹುದು, ರಿಪೋರ್ಟ್ ಬರೆಯೋ ರೇಡಿಯಾಲಜಿಸ್ಟ್ ಮೇಲೆ ನಂಬಿಕೆ ಇರಬಹುದು. ಅದನ್ನೂ ಕೇಳಿ ತಿಳ್ಕೊಳ್ಳಿ. ಜಿಲ್ಲಾ ಆಸ್ಪತ್ರೆಯಲ್ಲಿ ಆ ಟೆಸ್ಟ್ ಇದೆಯಾ ಅಂತಲೂ ವಿಚಾರಿಸಿ.

ಮೂರು. ಎರಡು ಮೂರು ಸೆಂಟರಿಗೆ ಫೋನ್ ಮಾಡಿ ರೇಟ್ ಕೇಳಿ. ಕೌಂಟರಿನಲ್ಲಿ, "ಡಿಸ್ಕೌಂಟ್ ಎಷ್ಟು ಕೊಡ್ತೀರಾ?" ಅಂತ ಒಂದು ಮಾತು ಕೇಳಿ ನೋಡಿ. ಅಲ್ಲಿ ಕೂತಿರೋನಿಗೆ ಎಷ್ಟು ಜಾಗ ಇದೆ ಅಂತ ಗೊತ್ತಿರುತ್ತೆ. ನಾನು ಕೂತಿದ್ದೆ, ನನಗೆ ಗೊತ್ತಿತ್ತು.

ನಾಲ್ಕು. ನಮ್ಮ ರಾಜ್ಯದಲ್ಲಿ ಖಾಸಗಿ ವೈದ್ಯಕೀಯ ಸಂಸ್ಥೆಗಳಿಗೆ 2007ರ ಕಾಯ್ದೆ ಇದೆ, ಕೆಪಿಎಂಇ ಅಂತಾರೆ. 2017ರಲ್ಲಿ ತಿದ್ದುಪಡಿ ತಂದಾಗ ಖಾಸಗಿ ಡಾಕ್ಟರುಗಳು ಮುಷ್ಕರ ಮಾಡಿದ್ದು ನಿಮ್ಮಲ್ಲಿ ಕೆಲವರಿಗೆ ನೆನಪಿರಬೇಕು. ಆ ಕಾನೂನಿನ ಪ್ರಕಾರ ದರಪಟ್ಟಿ ಕಾಣೋ ಹಾಗೆ ಹಾಕಬೇಕು. ದೂರು ಕೊಡೋಕೆ ಜಿಲ್ಲೆಯಲ್ಲಿ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಪ್ರಾಧಿಕಾರ ಇದೆ. ಡಾಕ್ಟರ ನಡವಳಿಕೆ ಬಗ್ಗೆ ದೂರಾದರೆ ಕರ್ನಾಟಕ ವೈದ್ಯಕೀಯ ಪರಿಷತ್ತು. ಬಿಲ್ ಕೇಳಿ ತಗೊಳ್ಳಿ, ಫೋಟೋ ಇಟ್ಕೊಳ್ಳಿ. ಬಿಲ್ ಇಲ್ಲದೆ ಯಾವ ದೂರೂ ನಿಲ್ಲಲ್ಲ.

ಐದನೇದು ಹೇಳೋಕೆ ನನಗೂ ಸ್ವಲ್ಪ ಮುಜುಗರ. ನಿಮ್ಮ ಡಾಕ್ಟರು ಫೀಸ್ ಜಾಸ್ತಿ ಮಾಡಿದರೆ ತಕ್ಷಣ ಗೊಣಗಬೇಡಿ. ಹದಿನೈದು ನಿಮಿಷ ಕೂತು, ಕೇಳಿ, ಮುಟ್ಟಿ ನೋಡಿ, "ನಿಮಗೇನೂ ಟೆಸ್ಟ್ ಬೇಡ" ಅಂತ ಹೇಳಿ ಇನ್ನೂರು ತಗೊಂಡರೆ, ಅದು ಅಗ್ಗ. ಐವತ್ತು ರೂಪಾಯಿ ಡಾಕ್ಟರು ಎಷ್ಟೋ ಸಲ ಐವತ್ತು ರೂಪಾಯಿ ಡಾಕ್ಟರಲ್ಲ.

ನನ್ನ ಫ್ರೆಂಡ್ ಈಗ ಇನ್ನೂರು ತಗೊಳ್ತಾಳೆ. ಗೋಡೆ ಮೇಲೆ ಫೀಸಿನ ಬೋರ್ಡ್ ಹಾಕಿದಾಳೆ. ಚೀಟಿ ಕೆಳಗೆ ಒಂದು ರಬ್ಬರ್ ಸ್ಟ್ಯಾಂಪ್ ಒತ್ತುತ್ತಾಳೆ, "ಎಲ್ಲಿ ಬೇಕಾದರೂ ಮಾಡಿಸಬಹುದು" ಅಂತ. ದಿನಕ್ಕೆ ಹದಿನೆಂಟು, ಇಪ್ಪತ್ತು ಪೇಷೆಂಟು. ಪಕ್ಕದ ಬೀದಿಯಲ್ಲಿ ಎಪ್ಪತ್ತು ಪೇಷೆಂಟ್ ನೋಡೋ ಐವತ್ತು ರೂಪಾಯಿ ಕ್ಲಿನಿಕ್ ಇದೆ. "ಸಾಲದ ಕಂತು ಹೇಗೋ ಹೋಗ್ತಿದೆ, ನೋಡೋಣ" ಅಂದ್ಲು. ಅವಳು ಗೆಲ್ತಾಳೆ ಅಂತ ನಾನು ಗ್ಯಾರಂಟಿ ಕೊಡೋಕಾಗಲ್ಲ. ಅದು ಅವಳ ಕೈಯಲ್ಲಿರೋದಕ್ಕಿಂತ ಹೆಚ್ಚು ಆ ಊರಿನವರ ಕೈಯಲ್ಲಿದೆ.

ಕೊನೇ ಮಾತು. ಈ ವಿಷಯ ಅಮ್ಮನಿಗೆ ಇಷ್ಟು ವರ್ಷ ಹೇಳಿರಲಿಲ್ಲ. ಮೈಕ್ ಮುಂದೆ ಹೇಳೋ ಮುಂಚೆ ಅವಳಿಗೆ ಹೇಳಬೇಕು ಅನ್ನಿಸ್ತು. ಹೋದ ಭಾನುವಾರ ಊರಿಗೆ ಹೋಗಿ ಹೇಳಿದೆ. ಸೊಪ್ಪು ಬಿಡಿಸ್ತಾ ಕೂತಿದ್ದಳು. ಎಲ್ಲ ಕೇಳಿದಳು. ಸಿಟ್ಟಾಗಲಿಲ್ಲ, ಅಳಲಿಲ್ಲ. ಒಂದೇ ಪ್ರಶ್ನೆ ಕೇಳಿದಳು.

"ಹಂಗಾದ್ರೆ ನಂಗೆ ಆ ಸ್ಕ್ಯಾನು ಬೇಕಿತ್ತೋ, ಇಲ್ವೋ?"

"ಬೇಕಿತ್ತಮ್ಮ. ರಿಪೋರ್ಟಲ್ಲಿ ಡಿಸ್ಕ್ ಜಾರಿದ್ದು ಕಾಣ್ತಿತ್ತಲ್ಲ. ಮೂಳೆ ಡಾಕ್ಟ್ರೂ ಬೇಕು ಅಂದ್ರಲ್ಲ."

ಸ್ವಲ್ಪ ಹೊತ್ತು ಸೊಪ್ಪು ಬಿಡಿಸಿದಳು. ಆಮೇಲೆ ಅಂದಳು, "ಆ ಮೂಳೆ ಡಾಕ್ಟ್ರ ಹತ್ರ ನಮ್ಮನ್ನ ಕಳಿಸಿದ್ದು ಯಾರು?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಆ ಡಾಕ್ಟರು ಒಳ್ಳೆಯವರು, ಸ್ಕ್ಯಾನ್ ಬೇಕಿತ್ತು, ಟ್ರೀಟ್‌ಮೆಂಟ್ ಸರಿಯಾಗಿತ್ತು, ಅಮ್ಮ ಈಗ ಆರಾಮಾಗಿ ಓಡಾಡ್ತಿದಾಳೆ. ಇದೆಲ್ಲ ನಿಜ. ಆದರೂ ಇಪ್ಪತ್ತೈದು ವರ್ಷದ ನಂಬಿಕೆ ಇತ್ತಲ್ಲ, ಅದರಿಂದ ಏನೋ ಒಂದು ಅವತ್ತು ಕಳೆದುಹೋಯ್ತು. ಆ ಕವರ್‌ನಲ್ಲಿ ಹೋದದ್ದು ಅದೂ ಸೇರಿ. ಎಣಿಸಿ ಒಳಗಿಟ್ಟವನು ನಾನು.

ಕೇಳುಗರಲ್ಲಿ ಮೆಡಿಕಲ್ ಓದ್ತಿರೋರು, ಈಗಷ್ಟೇ ಕ್ಲಿನಿಕ್ ತೆರೆದೋರು, ಲ್ಯಾಬ್‌ಗಳಲ್ಲಿ ನನ್ನ ಹಳೇ ಕೆಲಸ ಮಾಡ್ತಿರೋರು ಇದ್ದೀರಿ ಅಂತ ಗೊತ್ತು. ನಿಮ್ಮ ಅನುಭವ ವಾಯ್ಸ್ ನೋಟ್ ಮಾಡಿ ಕಳಿಸಿ, ಹೆಸರು ಹೇಳಬೇಕಾಗಿಲ್ಲ. ನಾನು ಹೇಳಿದ್ದರಲ್ಲಿ ತಪ್ಪಿದ್ದರೆ ಅದನ್ನೂ ಹೇಳಿ, ಮುಂದಿನ ಸಂಚಿಕೆಯಲ್ಲಿ ತಿದ್ದಿ ಓದ್ತೀನಿ. ಮುಂದಿನ ವಾರ ಹೆಲ್ತ್ ಇನ್ಶೂರೆನ್ಸ್ ಕ್ಲೇಮ್ ಯಾಕೆ ರಿಜೆಕ್ಟ್ ಆಗುತ್ತೆ ಅನ್ನೋದನ್ನ ನೋಡೋಣ. ಅಲ್ಲೀವರೆಗೂ ಆರೋಗ್ಯ ನೋಡ್ಕೊಳ್ಳಿ, ಬಿಲ್ ಇಟ್ಕೊಳ್ಳಿ. ಸಿಗೋಣ.